ಪಂಚಮಿಗೆ ಕರೆಯಲು ಬಂದ ಮಾವಶಿ

ಸೊಲ್ಲಾಪುರದ ಬೇಸಿಗೆ ಗೊತ್ತಿದ್ದವರು ನಾನು ಹೇಳುವುದನ್ನು ನಂಬಲಿಕ್ಕಿಲ್ಲ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಭಾಗವ್ವ ಮಾವಶಿಯ ಎಡಹೆಗಲ ಮೇಲೆ ಕರಿ ಕಂಬಳಿ ಇರುತ್ತಿತ್ತು. ಕುರಿ ಉಣ್ಣೆಯದು, ಕೈಮಗ್ಗದ್ದು, ಅಂಚಿನಲ್ಲಿ ಬಿಳಿಯ ಎರಡು ಗೆರೆ. ಬೆವರು ಸುರಿಸುತ್ತಲೇ ಅದನ್ನು ಹೊತ್ತು ತಿರುಗುವಳು. ‘ಇಳಿಸಿ ಇಡ್ರಿ ಮಾವಶಿ, ನಿಮ್ಮನ್ನ ನೋಡಿದ್ರ ನಮಗ ಝಳಾ ಹೊಡಿತೈತಿ’ ಎಂದರೆ ಆಕೆಯ ಉತ್ತರ ಯಾವಾಗಲೂ ಒಂದೇ: ‘ನಿನಗ್ಯಾಕ ಚಿಂತಿ? ಬೆವರು ನಂದು.’

ತಾಯಿಯ ಅಕ್ಕತಂಗಿಯರನ್ನು ನಮ್ಮ ಕಡೆ ಮರಾಠಿಯ ರೂಢಿಯಂತೆ ಮಾವಶಿ ಎನ್ನುತ್ತೇವೆ. ಭಾಗವ್ವ ನನಗೆ ರಕ್ತಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಗಸರು ಉಳಿದುಕೊಳ್ಳುವ ಮನೆಯೊಂದನ್ನು ಸೊಲ್ಲಾಪುರದಲ್ಲಿ ಆಕೆ ನೋಡಿಕೊಳ್ಳುತ್ತಿದ್ದಳು. ನಡೆಸುವುದು ಒಂದು ಸಂಸ್ಥೆ. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಮರಾಠಿ ಹೆಸರಿತ್ತು. ಆದರೆ ಬಾಗಿಲ ಮೇಲೆ ಆ ಹೆಸರು ಇರಲಿಲ್ಲ. ಅಲ್ಲಿದ್ದದ್ದು ‘ಕಡಕ್ ರೊಟ್ಟಿ ಸಿಗುತ್ತದೆ’ ಎಂದು ಮರಾಠಿಯಲ್ಲಿ ಬರೆದ ತಗಡಿನ ಹಲಗೆ. ಗಲ್ಲಿಯ ಜನಕ್ಕೆ ಅದು ನಾಲ್ಕಾರು ಹೆಂಗಸರು ಜೋಳದ ರೊಟ್ಟಿ ಬಡಿದು ಮಾರುವ ಮನೆ, ಅಷ್ಟೇ. ಕಿಡಕಿಯ ಹತ್ತಿರ ಕಂಬಳಿ ಹೊತ್ತ ಮುದುಕಿಯೊಬ್ಬಳು ಕುಳಿತು ರೊಟ್ಟಿ ಕೊಡುತ್ತಿದ್ದಳು. ಒಳಗೆ ಯಾರಿದ್ದಾರೆಂದು ಯಾರೂ ಕೇಳುತ್ತಿರಲಿಲ್ಲ, ರೊಟ್ಟಿ ಅಷ್ಟು ಚೆನ್ನಾಗಿದ್ದವು.

ನಾನು ಆ ಮನೆಗೆ ಹೋದದ್ದು ಆಷಾಢದಲ್ಲಿ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು. ಹತ್ತು ವರ್ಷದ ಮೇಲಾಯಿತು. ಗಂಡನ ಊರಿನ ಹೆಸರು ಬರೆಯುವುದಿಲ್ಲ. ಆ ಊರಿನ ತಪ್ಪೇನೂ ಇಲ್ಲ. ಮದುವೆಯಾಗಿ ಆರು ವರ್ಷಗಳಾಗಿದ್ದವು. ಹೊಡೆತ ಹೊಸದಲ್ಲ, ಎಲುಬು ಮುರಿದದ್ದು ಹೊಸದು. ದವಾಖಾನೆಯಲ್ಲಿ ಹೇಗಾಯಿತೆಂದು ಕೇಳಿದಾಗ, ಅಭ್ಯಾಸದಂತೆ, ಮೆಟ್ಟಿಲ ಮೇಲಿಂದ ಬಿದ್ದೆ ಎಂದೆ. ಅಲ್ಲಿದ್ದ ನರ್ಸು ನನ್ನ ಗಂಡನನ್ನು ಔಷಧಿ ತರಲು ಹೊರಗೆ ಕಳಿಸಿದಳು. ಬಾಗಿಲು ಮುಂದೆ ಮಾಡಿ, ನನ್ನ ಕುತ್ತಿಗೆ ನೋಡಿ, ‘ಮೆಟ್ಟಲಕ್ಕ ಬೆರಳು ಇರತಾವೇನವಾ?’ ಎಂದಳು. ಆರು ವರ್ಷ ಕಟ್ಟಿಕೊಂಡಿದ್ದ ಸುಳ್ಳು ಆ ಒಂದು ಮಾತಿಗೆ ಕುಸಿಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಸಮಾಲೋಚಕಿ ಬಂದಳು, ಮಾತಾಡಿದಳು, ಮನೆಗೆ ಹೋಗುತ್ತೀಯೋ ಬೇರೆ ಕಡೆ ಇರುತ್ತೀಯೋ ಎಂದು ಕೇಳಿ, ಹಿಂಬಾಗಿಲಿನಿಂದ ರಿಕ್ಷಾ ಹತ್ತಿಸಿದಳು.

ಮಾವಶಿ ನನ್ನನ್ನು ಮೊದಲು ಕೇಳಿದ್ದು ಏನಾಯಿತು ಎಂದಲ್ಲ. ‘ಉಂಡೀಯೇನು?’ ಎಂದು. ಉಂಡಾದ ಮೇಲೆ ಎರಡನೆಯ ಪ್ರಶ್ನೆ: ‘ಗ್ವಾಡಿ ಕಡೆ ಮಲಗ್ತೀಯೋ, ಬಾಗಲ ಕಡೆ ಮಲಗ್ತೀಯೋ?’

‘ನೀವು ಎಲ್ಲಿ ಹೇಳ್ತೀರಿ ಅಲ್ಲೇರಿ’ ಎಂದೆ.

‘ನಾ ಯಾಕ ಹೇಳಲಿ? ಮಲಗಾಕಿ ನೀನು. ನೀ ಹೇಳು.’

ಇಷ್ಟು ಸಣ್ಣ ಮಾತಿಗೆ ಉತ್ತರ ಕೊಡಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಮಾವಶಿ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದಳು. ಏನು ಬೇಕು ಎಂದು ಆರು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಕಡೆಗೆ ಗೋಡೆಯ ಕಡೆ ಎಂದೆ. ಆಕೆ ಹೆಗಲಿನ ಕಂಬಳಿ ತೆಗೆದು ಗೋಡೆಗೆ ಹತ್ತಿಸಿ ಹಾಸಿದಳು. ‘ಬೀರೋಬಾನ ಕಂಬಳಿ ಇದು. ಹೊಸದಾಗಿ ಬಂದಾಕಿ ಮೊದಲನೇ ರಾತ್ರಿ ಇದರ ಮ್ಯಾಲ ಮಲಗಬೇಕು. ಇದರ ಮ್ಯಾಲ ಇದ್ದಾಕೀನ ಯಾರೂ ಮುಟ್ಟೂದಿಲ್ಲ’ ಎಂದಳು.

ಕಂಬಳಿಯ ಮಾತನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಾವಶಿ ಭಂಡಾರಕವಠೆಯ ಕುರಿ ಸಾಕುವ ಮನೆತನದವಳು. ನನ್ನ ತವರು ವಾಗದರಿ, ನಮ್ಮದೂ ಸ್ವಲ್ಪ ಹೊಲ, ಸ್ವಲ್ಪ ಕುರಿ, ಮನೆದೇವರು ಬೀರೋಬಾ. ನಮ್ಮಲ್ಲಿ ಕಂಬಳಿಗೆ ಚಪ್ಪಲಿಗಾಲು ತಾಗಿಸುವುದಿಲ್ಲ. ಅದರ ಮೇಲೆ ಕುಳಿತು ಸುಳ್ಳು ಹೇಳುವುದಿಲ್ಲ, ಹೇಳಿದರೆ ಕುರಿಹಿಂಡು ಉಳಿಯುವುದಿಲ್ಲ ಎಂದು ನಂಬಿಕೆ. ಮನೆತನದ ಜಗಳಗಳೆಲ್ಲ ಅದರ ಮೇಲೆಯೇ ಕುಳಿತು ತೀರುತ್ತವೆ. ಅಂಥ ಕಂಬಳಿಯ ಮೇಲೆ ಆ ರಾತ್ರಿ ನಾನು ಸತ್ತವಳಂತೆ ನಿದ್ದೆ ಮಾಡಿದೆ. ಮೈಯೆಲ್ಲ ಚುಚ್ಚಿದ್ದು ಮರುದಿನ ಬೆಳಿಗ್ಗೆ ಗೊತ್ತಾಯಿತು.

ಮಾವಶಿ ಒಳ್ಳೆಯವಳು ಎಂದು ಬರೆದರೆ ಆಕೆ ಮೆತ್ತಗಿನವಳು ಎಂದು ತಿಳಿದೀರಿ. ಹಾಗೇನಿಲ್ಲ. ಬಾಯಿ ಜೋರು. ಬೆಳಿಗ್ಗೆ ಐದಕ್ಕೆಲ್ಲ ಎಬ್ಬಿಸುವಳು, ಒಲೆ ಹೊತ್ತಿಸುವುದು ತಡವಾದರೆ ಇಡೀ ಗಲ್ಲಿಗೆ ಕೇಳುವ ಹಾಗೆ ಬೈಯುವಳು. ಆದರೆ ಬೈಗುಳದಲ್ಲಿ ಒಂದು ಕಟ್ಟುನಿಟ್ಟಿತ್ತು: ಯಾರ ತವರು, ಯಾರ ರೂಪ, ಯಾರ ಮಕ್ಕಳು, ಇವು ಮೂರನ್ನು ಮುಟ್ಟುತ್ತಿರಲಿಲ್ಲ. ಬೈಗುಳವೆಲ್ಲ ಕೆಲಸಕ್ಕೆ ಮಾತ್ರ. ಆಕೆಯಿಂದ ಬೈಸಿಕೊಂಡ ಮೇಲೆ ನನಗೆ ಮೊದಲ ಸಲ ತಿಳಿದದ್ದು ಏನೆಂದರೆ, ಸಿಟ್ಟಿಗೆದ್ದ ಮನುಷ್ಯರ ಮುಂದೆ ಕೈ ಅಡ್ಡ ಹಿಡಿಯದೆಯೂ ನಿಲ್ಲಬಹುದು.

ರೊಟ್ಟಿ ಬಡಿಯಲು ಕೂತ ಹೆಂಗಸರಿಗೆ ಆಕೆ ಹೇಳುವ ಮಾತು ಆ ಮನೆಯಲ್ಲಿದ್ದ ಎಲ್ಲರಿಗೂ ಬಾಯಿಪಾಠ. ‘ಬಡಿ ಬಡಿ, ಜೋರ ಬಡಿ. ಯಾರ ಮಾರಿ ನೆನಸಿ ಬಡಿತಿ ಬಡಿ. ಆದ್ರ ರೊಟ್ಟಿ ಹರೀಬಾರ್ದು.’ ಶಬಾನಾ ಎಂಬಾಕೆ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಒಂದೊಂದು ರೊಟ್ಟಿಗೂ ಅತ್ತೆಯ ಹೆಸರು, ಮೈದುನನ ಹೆಸರು ಹಿಡಿದು ಬಡಿಯುವಳು. ಆಕೆಯ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ ಬರುತ್ತಿದ್ದವು. ನನ್ನ ಕೈ ಪ್ಲಾಸ್ಟರಿನಲ್ಲಿದ್ದುದರಿಂದ ಒಣಗಿದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಹಳೆಯ ಪೇಪರಿನಲ್ಲಿ ಸುತ್ತುವ ಕೆಲಸ ನನಗೆ ಬಂತು. ನಾನು ಹತ್ತನೆಯವರೆಗೆ ಕಲಿತದ್ದು ಕನ್ನಡ ಶಾಲೆಯಲ್ಲಿ. ಮರಾಠಿ ಮಾತು ಬರುತ್ತಿತ್ತು, ಓದುವುದು ತಡವರಿಸುತ್ತಿತ್ತು. ಮಾವಶಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಹಾಗಿದ್ದೂ, ‘ಸುತ್ತೂಕಿಂತ ಮೊದಲ ಅದರಾಗಿಂದು ಒಂದ ಸುದ್ದಿ ಜೋರಾಗಿ ಓದು. ನಮಗೂ ಜಗತ್ತಿನಾಗ ಏನ ನಡದೈತಿ ತಿಳೀಲಿ’ ಎಂದು ಅಪ್ಪಣೆ ಮಾಡಿದಳು. ಮೂರು ತಿಂಗಳ ಹಳೆಯ ಸುದ್ದಿಗಳನ್ನು ದಿನಾ ಗಂಟಲು ಹರಿದು ಓದಿ ಓದಿಯೇ ನನ್ನ ಮರಾಠಿ ನೆಟ್ಟಗಾದದ್ದು.

ವಾರಕ್ಕೊಮ್ಮೆ ಸಂಸ್ಥೆಯ ವಕೀಲೆ ಬರುತ್ತಿದ್ದಳು, ನಮಗೆಲ್ಲ ಆಕೆ ವಕೀಲಬಾಯಿ. ಗಂಡ ಹತ್ತಿರ ಬರದಂತೆ ಕೋರ್ಟಿನಿಂದ ಆದೇಶ ಪಡೆಯುವುದು, ಕೆಲವರ ಗಂಡನ ಮನೆಯಲ್ಲೇ ಉಳಿದ ಮಕ್ಕಳ ಶಾಲೆಯ ದಾಖಲೆ ತರಿಸುವುದು, ಇಂಥವೆಲ್ಲ ಆಕೆಯ ಕೆಲಸ. ಆಕೆ ಮಾತಾಡುವಾಗ ಮಾವಶಿ ಪಕ್ಕದಲ್ಲಿ ಕೂರಲೇಬೇಕು. ವಕೀಲಬಾಯಿ ಕಾನೂನಿನ ಕಲಮುಗಳನ್ನು ಹೇಳುತ್ತ ಹೋದರೆ ಮಾವಶಿ ಕೈ ಎತ್ತಿ ತಡೆಯುವಳು. ‘ಬಾಯಿ, ಇದು ನನಗೂ ತಿಳೀಲಿಲ್ಲ, ಈಕೀಗೂ ತಿಳೀಲಿಲ್ಲ. ತಲಿ ಅಷ್ಟ ಅಲ್ಲಾಡಸಾಕತ್ತಾಳ. ಸಣ್ಣ ತುತ್ತ ಮಾಡಿ ಹೇಳ್ರಿ.’ ವಕೀಲಬಾಯಿ ನಗುತ್ತ ಮತ್ತೆ ಮೊದಲಿನಿಂದ ಹೇಳುವಳು. ನಮಗಾಗಿ ಇಂಥ ಮಾತು ಆಡುವ ಒಬ್ಬರು ಪಕ್ಕದಲ್ಲಿ ಕೂತಿದ್ದಾರೆ ಎಂಬುದೇ ಆಗ ನಮಗೆ ಅರ್ಧ ನ್ಯಾಯ ಸಿಕ್ಕ ಹಾಗಿತ್ತು.

ಆಕೆಯ ಸ್ವಂತ ಕಥೆ ಏನು ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದವರಿಗೆಲ್ಲ ಒಂದೊಂದು ಹೇಳುತ್ತಿದ್ದಳು. ರೊಟ್ಟಿಯ ಗಿರಾಕಿಗಳಿಗೆ ಗಂಡ ಮುಂಬೈಯಲ್ಲಿದ್ದಾನೆ ಎನ್ನುವಳು, ಸರ್ಕಾರಿ ಸಾಹೇಬರಿಗೆ ತೀರಿಕೊಂಡಿದ್ದಾನೆ ಎನ್ನುವಳು. ನಾನು ಕೇಳಿದಾಗ, ‘ನನ್ನ ಗಂಡಾಗಾಂವ ಇನ್ನೂ ಹುಟ್ಟೇ ಇಲ್ಲ’ ಎಂದು ಕಂಬಳಿ ಸರಿಪಡಿಸಿಕೊಂಡು ಎದ್ದುಹೋದಳು. ಬೇರೆಯವರ ಗಾಯವನ್ನು ಕೆದಕಬಾರದು ಎಂಬುದನ್ನು ತನ್ನ ವಿಷಯದಲ್ಲೂ ಪಾಲಿಸುತ್ತಿದ್ದಳು, ಅಷ್ಟೇ.

ಇನ್ನು ನಾನು ಮಾಡಿದ ತಪ್ಪನ್ನು ಹೇಳಬೇಕು.

ಆ ಮನೆಯಲ್ಲಿ ಒಂದೇ ಒಂದು ಮೀರಬಾರದ ನಿಯಮವಿತ್ತು: ಮನೆ ಎಲ್ಲಿದೆ ಎಂದು ಯಾರಿಗೂ ಹೇಳಬಾರದು. ತಾಯಿಗೂ ಹೇಳಬಾರದು. ಮೊಬೈಲ್‌ಗಳೆಲ್ಲ ಮಾವಶಿಯ ತಗಡಿನ ಡಬ್ಬಿಯಲ್ಲಿ. ನಾನು ಈ ನಿಯಮಕ್ಕೆ ತಲೆಯಾಡಿಸಿ ಒಪ್ಪಿದ್ದೆ. ಆದರೆ ಶ್ರಾವಣ ಬಂತು. ಗಲ್ಲಿಯಲ್ಲಿ ಎಳ್ಳು ಹುರಿಯುವ ವಾಸನೆ, ಬೆಲ್ಲದ ಪಾಕದ ವಾಸನೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಾಗರಪಂಚಮಿ ಎಂದರೆ ಏನೆಂದು ಬೇರೆಯವರಿಗೆ ಹೇಗೆ ಹೇಳಲಿ? ದೀಪಾವಳಿಗೆ ಬಿಟ್ಟರೂ ನಡೆದೀತು, ಪಂಚಮಿಗೆ ತವರಿನಿಂದ ಯಾರಾದರೂ ಬಂದು ಬಾಗಿಲಲ್ಲಿ ನಿಂತು ಕರೆಯಲೇಬೇಕು. ಫೋನಿನಲ್ಲಿ ಕರೆದರೆ ಅದು ಲೆಕ್ಕಕ್ಕಿಲ್ಲ. ಕರೆ ಬರದವಳನ್ನು ಓಣಿಯ ಹೆಂಗಸರು ಒಂದು ಥರ ನೋಡುತ್ತಾರೆ. ನನ್ನ ಮದುವೆಯಾದಾಗಿನಿಂದ ಅಣ್ಣ ಮಾಳಪ್ಪ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಪ್ಲಾಸ್ಟರ್ ತೋರಿಸಲು ದವಾಖಾನೆಗೆ ಹೋದ ದಿನ ಔಷಧಿ ಅಂಗಡಿಯವನ ಫೋನು ಇಸಿದುಕೊಂಡು ಅಣ್ಣನಿಗೆ ಹಚ್ಚಿದೆ. ಗಂಡನ ಬಳಿ ಹೋಗುವ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ. ತವರಿಗೆ ಹೋಗಿ ಉಳಿಯುವ ಆಸೆಯೂ ಇರಲಿಲ್ಲ. ಅಣ್ಣ ಬಂದು ಬಾಗಿಲಲ್ಲಿ ನಿಂತು ‘ನಡಿ ತಂಗಿ’ ಎನ್ನಬೇಕು, ‘ಈ ವರ್ಷ ಬ್ಯಾಡಣ್ಣ’ ಎಂದು ನಾನು ಹೇಳಬೇಕು, ಅವನು ಉಂಡಿಯ ಡಬ್ಬಿ ಕೊಟ್ಟು ಹೋಗಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ನೀರಿನ ಟಾಕಿಯ ಹಿಂದಿನ ಗಲ್ಲಿ, ಕಡಕ್ ರೊಟ್ಟಿಯ ಬೋರ್ಡು ಎಂದು ಗುರುತು ಹೇಳಿದೆ.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಅಣ್ಣನ ದನಿ ಕೇಳಿತು. ‘ತಂಗೀನ ಕರಿಯಾಕ ಬಂದೀನ್ರಿ.’ ನಾನು ಸುತ್ತುತ್ತಿದ್ದ ರೊಟ್ಟಿ ಬಿಟ್ಟು ಓಡಿದೆ. ಕಿಡಕಿಯ ಹತ್ತಿರ ಕೂತಿದ್ದ ಮಾವಶಿ ತಿರುಗದೆಯೇ ಹಿಂದಕ್ಕೆ ಕೈ ಚಾಚಿ ನನ್ನನ್ನು ತಡೆದಳು.

‘ಯಾರವಾ ಇಂವ?’

‘ನಮ್ಮಣ್ಣರಿ! ಪಂಚಮಿಗಿ ಬಂದಾನ!’

‘ಜಾಗಾ ಯಾರ ಹೇಳಿದ್ರು?’

‘ನಾನರಿ’ ಎಂದೆ. ಎಂದ ಮೇಲೆ ತಿಳಿಯಿತು.

ಮಾವಶಿ ಬೈಯಲಿಲ್ಲ. ಶಬಾನಾಗೆ ಪೊಲೀಸ್ ಚೌಕಿಗೆ ಫೋನು ಮಾಡು ಎಂದು ಸನ್ನೆ ಮಾಡಿದಳು. ಬಾಗಿಲು ತೆರೆದು ಹೊರಗೆ ಹೋಗಿ, ನಮ್ಮಿಂದ ಒಳಗಿನ ಅಗಳಿ ಹಾಕಿಸಿದಳು. ನಾನು ಕಿಡಕಿಯ ಸಂದಿಯಿಂದ ನೋಡುತ್ತಿದ್ದೆ. ಅಣ್ಣನ ಕೈಯಲ್ಲಿ ಉಂಡಿಯ ಸ್ಟೀಲ್ ಡಬ್ಬಿ ಇತ್ತು, ಹೊಸ ಸೀರೆಯ ಪ್ಲಾಸ್ಟಿಕ್ ಚೀಲ ಇತ್ತು. ಮುಖ ಮಾತ್ರ ಹಬ್ಬಕ್ಕೆ ಬಂದವನ ಮುಖವಾಗಿರಲಿಲ್ಲ. ಮಾವಶಿ ಹೆಗಲಿನ ಕಂಬಳಿ ತೆಗೆದು ಕಟ್ಟೆಯ ಮೇಲೆ ಹಾಸಿದಳು, ಕೈಯಿಂದ ಸವರಿ ಸುಕ್ಕು ತೆಗೆದಳು.

‘ವಾಗದರಿಯವನಲ್ಲಪಾ ನೀ? ಕುರಬರ ಹುಡುಗ. ಇದ ಏನಂತ ನಾ ಹೇಳೂದ ಬ್ಯಾಡ ನಿನಗ. ಚಪ್ಲಿ ಬಿಟ್ಟು ಕುಂದ್ರು. ಕುಂತು ಒಂದ ಮಾತಿಗಿ ಉತ್ತರಾ ಕೊಡು. ಒಬ್ಬಾಂವನ ಬಂದೀಯೇನು?’

ಅಣ್ಣ ಚಪ್ಪಲಿ ಬಿಟ್ಟ. ಒಂದು ಹೆಜ್ಜೆ ಮುಂದಿಟ್ಟ. ಕಂಬಳಿಯ ಅಂಚಿನ ಬಿಳಿ ಗೆರೆಯ ಹತ್ತಿರ ಬಂದು ನಿಂತುಬಿಟ್ಟ. ಕೈಯಲ್ಲಿದ್ದ ಡಬ್ಬಿಯನ್ನು ಕಟ್ಟೆಯ ತುದಿಗೆ ಇಟ್ಟ.

‘ಅವ್ವಾ, ನನಗ ಇದರ ಮ್ಯಾಲ ಕುಂದ್ರಾಕ ಬರೂದಿಲ್ಲ’ ಎಂದ.

‘ಯಾಕಪಾ?’

‘ಒಬ್ಬಾಂವ ಬಂದಿಲ್ರಿ. ಭಾವ ಟಾಕಿ ಕಡೆ ಜೀಪಿನಾಗ ಕುಂತಾನ, ಇನ್ನಿಬ್ಬರು ಅದಾರ. ರಾಜಿ ಆಗ್ಲಿ, ಮನಿ ಉಳೀಲಿ ಅಂತ ನಮ್ಮವ್ವನ ಭಾವಗ ಹೇಳಿ ಕಳಸ್ಯಾಳ್ರಿ.’

ಮಾವಶಿ ಅವನ ಮೇಲೆ ದನಿ ಏರಿಸಲಿಲ್ಲ. ‘ಖರೆ ಹೇಳಿದಿ, ಚಲೋ ಆತು. ಈಗ ಹೋಗಿ ನಿಮ್ಮ ಭಾವಗ ಖರೆನ ಹೇಳು. ನಿನ್ನ ಹೆಂಡ್ತಿ ಬರೂದಿಲ್ಲ ಅಂತ ಹೇಳು’ ಎಂದಳು. ಕಂಬಳಿ ಮಡಿಚಿ ಮತ್ತೆ ಹೆಗಲಿಗೇರಿಸಿಕೊಂಡು ಒಳಗೆ ಬಂದಳು. ಅದಾದ ಮೇಲೆ ನಡೆದದ್ದು ನಡೆಯಿತು. ನನ್ನ ಗಂಡ ಬಂದ, ಬಾಗಿಲು ಒದ್ದ, ನಮ್ಮ ಬೋರ್ಡಿಗೆ ಕಲ್ಲು ಹೊಡೆದ, ಗಲ್ಲಿಗೆಲ್ಲ ಕೇಳುವಂತೆ ಇದು ಎಂಥ ಮನೆ ಎಂದು ಕೂಗಿ ಹೇಳಿದ. ಒಳಗೆ ಏಳು ಹೆಂಗಸರು, ಮೂರು ಮಕ್ಕಳು ಗೋಡೆಗೆ ಒತ್ತಿ ಕೂತಿದ್ದೆವು. ಮಾವಶಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಒದೆತ ಬಿದ್ದಾಗಲೆಲ್ಲ ಆಕೆಯ ತಲೆ ಮುಂದಕ್ಕೆ ಜರ್ಕು ಹೊಡೆಯುತ್ತಿತ್ತು. ಚೌಕಿಯಿಂದ ಪೊಲೀಸರು ಬಂದು ಅವನನ್ನು ಕರೆದೊಯ್ಯುವವರೆಗೆ ಆಕೆ ಅಲ್ಲಿಂದ ಏಳಲಿಲ್ಲ.

ಆದರೆ ಮನೆ ಹೋಯಿತು. ಜಾಗ ಗೊತ್ತಾದ ಮೇಲೆ ಅಲ್ಲಿ ಯಾರೂ ಸುರಕ್ಷಿತವಲ್ಲ. ಅದೇ ಮಧ್ಯಾಹ್ನ ಸಂಸ್ಥೆಯವರು ಊರಿನ ಇನ್ನೊಂದು ತುದಿಯಲ್ಲಿ ಖಾಲಿ ಮನೆಯೊಂದನ್ನು ನೋಡಿ ಟೆಂಪೋ ಕಳಿಸಿದರು. ಒಂಬತ್ತು ವರ್ಷ ರೊಟ್ಟಿ ಬೇಯಿಸಿದ ಒಲೆಗಳನ್ನು ಬಿಟ್ಟು, ಹೆಂಚು ಪರಾತಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಹೊರಟೆವು. ನನ್ನ ಒಂದು ಫೋನಿಗಾಗಿ ಹತ್ತು ಜನ ಬೀದಿಗೆ ಬಂದಿದ್ದರು. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಮಾವಶಿಯ ಕಾಲ ಹತ್ತಿರ ಕೂತು ಅತ್ತೆ. ‘ಬೈರಿ ಮಾವಶಿ, ಹೊಡೀರಿ ಬೇಕಾದ್ರ’ ಎಂದೆ.

‘ತಡಿ, ಮೊದಲ ಚಾ ಆಗ್ಲಿ’ ಎಂದಳು.

ಹೊಸ ಮನೆಯಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿ ಚಹಾ ಆಯಿತು. ಎಲ್ಲರೂ ಕುಡಿದರು. ಆಗ ಮಾವಶಿ ಎಲ್ಲರ ಮುಂದೆ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ‘ಈಕಿ ತಪ್ಪ ಮಾಡ್ಯಾಳ, ಹೌದು. ಆದ್ರ ನಂದೂ ತಪ್ಪೈತಿ. ಶ್ರಾವಣ ಬಂತು ಅಂತ ನನಗೂ ಗೊತ್ತಿತ್ತು. ಇಷ್ಟು ಹೆಣ್ಣಮಕ್ಕಳನ್ನ ಮನ್ಯಾಗ ಇಟಗೊಂಡು ಪಂಚಮಿಗಿ ಒಬ್ಬಾಕೀನೂ ಕರೀಲಿಲ್ಲ ನಾ. ಕರಿಯಾವರು ಇಲ್ಲದಾಗ ಹುಡಿಗಿ ಅಣ್ಣನ್ನ ಕರದ್ಳು. ಏನ ಮಾಡಬೇಕಿತ್ತು?’

ಹಾಗೆಂದವಳೇ ಎದ್ದಳು. ಕಂಬಳಿ ಹೊದ್ದು, ನಮ್ಮಣ್ಣ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದ ಉಂಡಿಯ ಡಬ್ಬಿ ಕೈಯಲ್ಲಿ ಹಿಡಿದು ಹೊರಗೆ ಹೋದಳು. ಬಾಗಿಲು ಮುಚ್ಚಿಸಿದಳು. ನಮಗೆ ಒಂದೂ ತಿಳಿಯಲಿಲ್ಲ. ಆಮೇಲೆ ಬಾಗಿಲು ಬಡಿದ ಸಪ್ಪಳ.

‘ಯಾರು?’ ಎಂದಳು ಶಬಾನಾ.

‘ನಾನ, ಭಾಗವ್ವ. ಭಂಡಾರಕವಠಿಯಾಕಿ. ನನ್ನ ಮಕ್ಕಳನ್ನ ಪಂಚಮಿಗಿ ಕರಿಯಾಕ ಬಂದೀನಿ.’

ಶಬಾನಾಳ ತಲೆ ಅಂಥ ದಿನದಲ್ಲೂ ಚುರುಕು. ಅಗಳಿಯ ಮೇಲೆ ಕೈಯಿಟ್ಟು, ಬೆಳಿಗ್ಗೆಯ ಮಾವಶಿಯ ದನಿಯಲ್ಲೇ ಕೇಳಿದಳು: ‘ಒಬ್ಬಾಕೀನ ಬಂದೀರೇನ್ರಿ?’

ಹೊರಗಿನಿಂದ ‘ಇಲ್ಲವಾ, ಕಂಬಳಿನೂ ಬಂದೈತಿ’ ಎಂಬ ಉತ್ತರ ಬಂತು. ಎಲ್ಲರೂ ನಕ್ಕೆವು. ಬೆಳಿಗ್ಗೆಯಿಂದ ನನ್ನನ್ನು ನೋಡದಿದ್ದವರೂ ನನ್ನ ಕಡೆ ತಿರುಗಿ ನಕ್ಕರು. ಮಾವಶಿ ಒಳಗೆ ಬಂದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಕೈಗೆ ಒಂದೊಂದು ಉಂಡಿ ಇಟ್ಟಳು. ಶಬಾನಾಗೆ ಎರಡು. ಮರುದಿನ ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಹಾಕಿದೆವು. ಒಂದು ಕೈ ಪ್ಲಾಸ್ಟರಿನಲ್ಲಿದ್ದರೂ ನಾನೂ ಕೂತೆ.

ಆವತ್ತಿನಿಂದ ಅದೇ ಪದ್ಧತಿಯಾಯಿತು. ಪಂಚಮಿಯ ಹಿಂದಿನ ದಿನ ಮಾವಶಿ ತನ್ನ ಮನೆಯಿಂದ ತಾನೇ ಹೊರಗೆ ಹೋಗಿ ಬಾಗಿಲು ಬಡಿಯುವುದು, ಒಳಗಿನವರು ಆ ಪ್ರಶ್ನೆ ಕೇಳುವುದು, ಆಕೆ ಆ ಉತ್ತರ ಕೊಡುವುದು. ಮನೆ ಬಿಟ್ಟು ತಮ್ಮ ಕಾಲ ಮೇಲೆ ನಿಂತವರ ಬಾಗಿಲಿಗೂ ಶ್ರಾವಣದಲ್ಲಿ ಬಸ್ಸು ಹಿಡಿದು ಹೋಗಿ ಕರೆಯುತ್ತಿದ್ದಳು. ಬರುತ್ತೀರೋ ಬಿಡುತ್ತೀರೋ, ಕರೆಯುವುದು ತನ್ನ ಕೆಲಸ ಎನ್ನುತ್ತಿದ್ದಳು.

ನನ್ನನ್ನು ಕಂಡಕ್ಟರ್ ಮಾಡಿದ್ದೂ ಆಕೆಯೇ. ಕೈ ಕೂಡಿದ ಮೇಲೆ ರೊಟ್ಟಿ ಬಡಿಯಲು ಕೂತೆ. ನನ್ನ ರೊಟ್ಟಿ ಒಂದೂ ದುಂಡಗೆ ಬರುತ್ತಿರಲಿಲ್ಲ. ‘ನಿನಗ ಕೈ ಇಲ್ಲ, ಬಾಯಿ ಐತಿ. ಬಾಯಿ ಇದ್ದಾವರಿಗಿ ಎಸ್‌ಟಿ ಬಸ್ಸಿನಾಗ ನೌಕರಿ ಐತಂತ’ ಎಂದು ವಕೀಲಬಾಯಿಯ ಕೈಯಿಂದ ಅರ್ಜಿ ತರಿಸಿದಳು. ನಾನು ಹೆದರಿದೆ. ಖಾಕಿ ಹಾಕಿಕೊಂಡು ಗಂಡಸರ ನಡುವೆ ನುಗ್ಗುವುದೇ? ದಾರಿಯಲ್ಲಿ ಗಂಡನ ಊರಿನವರು ಹತ್ತಿದರೆ? ಮಾವಶಿ ನನ್ನ ಮಾತು ಪೂರ್ತಿ ಕೇಳಿದಳು. ‘ಹತ್ತಿದ್ರ ತಿಕೀಟ ಕೊಡು’ ಎಂದಳು. ಎರಡು ವರ್ಷದ ಹಿಂದೆ ನನ್ನ ಮಾಜಿ ಗಂಡನೇ ಹತ್ತಿದ್ದ. ತಿಕೀಟ ಕೊಟ್ಟೆ. ‘ಮುಂದಕ್ಕ ಸರೀರಿ’ ಎಂದು ಎಲ್ಲರಿಗೆ ಹೇಳಿದ ಹಾಗೆ ಅವನಿಗೂ ಹೇಳಿದೆ.

ಸೊಲ್ಲಾಪುರ–ಅಕ್ಕಲಕೋಟ ಮಾರ್ಗದಲ್ಲಿ ನಾನು ನೌಕರಿಗೆ ಸೇರಿದ ಮೇಲೆ ಮಾವಶಿ ನನ್ನನ್ನು ಕರೆಯಲು ಬರುತ್ತಿದ್ದದ್ದು ಬಸ್ಸಿಗೇ. ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟ ಭಕ್ತರು, ಸಂತೆಯ ಗಂಟುಗಳು, ಕಾಲೇಜು ಹುಡುಗಿಯರು, ಎಲ್ಲರ ನಡುವೆ ಆ ಕಂಬಳಿ ಹತ್ತುವುದು. ನಾನು ಎದುರಿಗೇ ನಿಂತಿದ್ದರೂ ಆಕೆ ಮೊದಲು ಇಡೀ ಬಸ್ಸಿಗೆ ಸಾರುವಳು: ‘ಎಲ್ಲಾರೂ ಕೇಳ್ರಿ, ಈ ಕಂಡಕ್ಟರ ಬಾಯಿ ನನ್ನ ಮಗಳು. ಪಂಚಮಿಗಿ ಕರಿಯಾಕ ಬಂದೀನಿ.’ ಡ್ರೈವರ್ ಹಾರ್ನ್ ಹೊಡೆದು ಸ್ವಾಗತಿಸುತ್ತಿದ್ದ. ನನಗೆ ನಾಚಿಕೆಯಿಂದ ಸಾಕಾಗುತ್ತಿತ್ತು. ನಾನು ಸಿಡಿಮಿಡಿ ಮಾಡುತ್ತಲೇ ತಿಕೀಟ ಹರಿಯುತ್ತಿದ್ದೆ. ಆ ದಿನಕ್ಕಾಗಿ ಮಾತ್ರ ವರ್ಷವಿಡೀ ಕಾಯುತ್ತಿದ್ದೆ.

ಕಡೆಯ ಸಲ ಬಂದದ್ದು ಹೋದ ವರ್ಷ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ನಿಂತಿದ್ದಳು. ನಾನು ಇಳಿದು ಹೋಗಿ ರಟ್ಟೆ ಹಿಡಿದೆ. ರಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಕಂಬಳಿಯೇ ಆಕೆಗಿಂತ ಭಾರವಿತ್ತು. ಕೂತು ಸುಧಾರಿಸಿಕೊಂಡ ಮೇಲೆ, ‘ಅರ್ಧಾ ತಿಕೀಟ ಕೊಡು’ ಎಂದಳು. ‘ಸರಕಾರ ಹೆಣ್ಣಮಕ್ಕಳಿಗಿ ಅರ್ಧಾ ಮಾಡೇತಿ, ಗಂಡಸರಿಗಿ ಪೂರಾ. ಎಲ್ಲೆರ ಒಂದ ಕಡೆ ನ್ಯಾಯ ಆತು.’ ಪಕ್ಕದ ಗಂಡಸರೂ ನಕ್ಕರು. ಆದರೆ ಆ ಸಲ ಆಕೆ ಬಸ್ಸಿಗೆಲ್ಲ ಕೇಳುವಂತೆ ಸಾರಲಿಲ್ಲ. ಉಸಿರು ಸಾಲುತ್ತಿರಲಿಲ್ಲ. ನಾನು ಬಗ್ಗಿದಾಗ ಕಿವಿಯಲ್ಲಿ ಹೇಳಿದಳು: ‘ಸುರೇಖಾ, ಪಂಚಮಿಗಿ ಬಾರವಾ.’

ನನಗೆ ಸಿಟ್ಟು ಬಂತು. ‘ಇಂಥಾ ಮೈಯಾಗ ಯಾಕ ಬರಬೇಕಿತ್ರಿ? ಒಂದ ಫೋನ ಮಾಡಿದ್ರ ಸಾಕಾಗಿತ್ತು’ ಎಂದು ರೇಗಿದೆ.

ಆಕೆ ನನ್ನನ್ನು ನೋಡಿ ನಕ್ಕಳು. ‘ಫೋನಿನ ಮ್ಯಾಲ ಯಾರೆರ ಪಂಚಮಿಗಿ ಕರೀತಾರೇನು?’

ನನ್ನ ಕೈಯಿಂದ ಆ ವರ್ಷ ಡ್ಯೂಟಿ ಬಿಡಿಸಿಕೊಳ್ಳಲಾಗಲಿಲ್ಲ, ಹೋಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಾವಶಿ ತೀರಿಕೊಂಡಳು. ಭಂಡಾರಕವಠೆಯಲ್ಲಿ ಆಕೆಯ ಮನೆತನದ ಹೊಲದಲ್ಲಿ ಮಣ್ಣು ಮಾಡಿದರು. ನಾವು ಎಷ್ಟು ಹೆಂಗಸರು ಬಂದಿದ್ದೆವೆಂದರೆ, ಇವರೆಲ್ಲ ಯಾರು ಎಂದು ಊರವರು ಕೇಳುತ್ತಿದ್ದರು. ಮಕ್ಕಳು ಎಂದು ಶಬಾನಾ ಹೇಳಿದಳು. ಕಂಬಳಿಯನ್ನು ಆಕೆಗೇ ಹೊದಿಸಿದರು. ಅದನ್ನು ಕೇಳಿ ಇಟ್ಟುಕೊಳ್ಳಬೇಕೆಂದು ನನ್ನ ಮನಸ್ಸಿಗೆ ಬಂದಿತ್ತು, ಬಾಯಿ ಬರಲಿಲ್ಲ. ಕೇಳದಿದ್ದದ್ದೇ ಸರಿ, ಅದು ಆಕೆಯದು.

ಈ ಶ್ರಾವಣದಲ್ಲಿ ನನ್ನ ಬಸ್ಸು ತವರಿಗೆ ಹೊರಟ ಹೆಣ್ಣುಮಕ್ಕಳಿಂದ ತುಂಬಿ ತುಳುಕುತ್ತಿತ್ತು. ಯಾವ ಸ್ಟ್ಯಾಂಡಿನಲ್ಲಿ ನಿಂತರೂ ನನ್ನ ಕಣ್ಣು ಮೆಟ್ಟಿಲ ಕಡೆಗೇ ಹೋಗುವುದು. ಪಂಚಮಿಯ ಹಿಂದಿನ ದಿನ ಅರ್ಧ ದಿನದ ರಜೆ ಬರೆದುಕೊಟ್ಟು, ಸೊಲ್ಲಾಪುರದ ಆ ಮನೆಗೆ ಹೋದೆ. ಈಗ ಅದನ್ನು ನೋಡಿಕೊಳ್ಳುವವಳು ಓದಿದ ಹುಡುಗಿ, ಒಳ್ಳೆಯವಳು; ಮೊದಲೇ ಫೋನು ಮಾಡಿ ಒಪ್ಪಿಗೆ ಕೇಳಿದ್ದೆ. ಕೈಯಲ್ಲಿ ಎಳ್ಳಿನ ಉಂಡಿ, ಶೇಂಗಾ ಉಂಡಿಯ ಡಬ್ಬಿ. ಖಾಕಿ ಬದಲಿಸಲು ಪುರುಸೊತ್ತಾಗಿರಲಿಲ್ಲ. ಬಾಗಿಲು ಬಡಿದೆ.

‘ಯಾರ್ರಿ?’ ಒಳಗಿನಿಂದ ಎಳೆಯ ದನಿ. ನಾನು ಕಂಡರಿಯದ ಹುಡುಗಿ. ಅಂಜಿಕೆ ಇನ್ನೂ ಇಳಿಯದ ದನಿ ಅದು, ನನಗೆ ಗುರುತು ಸಿಕ್ಕಿತು.

‘ನಾನು ಸುರೇಖಾ. ವಾಗದರಿಯಾಕಿ. ಒಳಗಿದ್ದಾವರನ್ನೆಲ್ಲ ಪಂಚಮಿಗಿ ಕರಿಯಾಕ ಬಂದೀನಿ.’

ಒಳಗೆ ಗುಸುಗುಸು ಆಯಿತು. ಆಮೇಲೆ ಆ ಹುಡುಗಿ, ಯಾರೋ ಹೇಳಿಕೊಟ್ಟಿರಬೇಕು, ಪಾಠ ಒಪ್ಪಿಸಿದ ಹಾಗೆ ಕೇಳಿದಳು: ‘ಒಬ್ಬಾಕೀನ ಬಂದೀರೇನ್ರಿ?’

ಉತ್ತರ ನನಗೆ ಗೊತ್ತಿತ್ತು. ಎಷ್ಟೋ ಪಂಚಮಿಗಳಲ್ಲಿ ಬಾಗಿಲ ಒಳಗೆ ನಿಂತು ಕೇಳಿದ ಉತ್ತರ. ನನ್ನ ಕೈ ತಾನಾಗಿ ಎಡಹೆಗಲಿಗೆ ಹೋಯಿತು. ಅಲ್ಲಿ ತಿಕೀಟಿನ ಚೀಲದ ಪಟ್ಟಿ ಮಾತ್ರ ಇತ್ತು.

‘ಹೌದವಾ’ ಎಂದೆ. ‘ಒಬ್ಬಾಕೀನ ಬಂದೀನಿ.’

ಅಗಳಿ ಸರಿದ ಸಪ್ಪಳ ಕೇಳಿತು.